ಸಂತೆಗೆ ಮೊದಲು ಚೀಟಿ: ರೈತ ಕುಟುಂಬದ ವಾರದ ಊಟದ ಯೋಜನೆ

(ರೈತ ಮಹಿಳೆಯರು ಹಾಗೂ ವಿಸ್ತರಣಾ ಕಾರ್ಯಕರ್ತರ ತರಬೇತಿಯಲ್ಲಿ ಮಾಡಿದ ಭಾಷಣ)



ಮುಂಗಾರು ಹಿಡಿಯುವ ಮೊದಲು ಬೀಜ, ಗೊಬ್ಬರಗಳ ಲೆಕ್ಕ ಹಾಕದ ರೈತನಿಲ್ಲ. ಎಷ್ಟು ಎಕರೆಗೆ ರಾಗಿ, ಎಷ್ಟು ಸಾಲಿಗೆ ತೊಗರಿ, ಯಾವ ಬದುವಿನ ಮೇಲೆ ಹರಳು ಎಂಬುದೆಲ್ಲ ಮೊದಲೇ ತೀರ್ಮಾನವಾಗಿರುತ್ತದೆ. ಆದರೆ ಅದೇ ಹೊಲದ ಫಸಲು ಒಲೆಯ ಬಳಿಗೆ ಬರುವ ಹೊತ್ತಿಗೆ ಲೆಕ್ಕ ನಿಂತುಹೋಗುತ್ತದೆ. 'ಇವತ್ತು ಏನು ಸಾರು?' ಎಂಬ ಪ್ರಶ್ನೆ ಪ್ರತಿದಿನ ಬೆಳಗ್ಗೆ ಹೊಸದಾಗಿ ಹುಟ್ಟುತ್ತದೆ. ಕೈಗೆ ಸಿಕ್ಕಿದ್ದು ಬೇಯುತ್ತದೆ.

ತುಮಕೂರು ಸೀಮೆಯ ಮನೆಗಳಲ್ಲಿ ಈಗ ಪುರುಸೊತ್ತೇ ಇಲ್ಲ. ಗುಬ್ಬಿಯ ಕಡೆ ತೆಂಗು ಅಡಿಕೆ ತೋಟದ ಕೆಲಸ ವರ್ಷವಿಡೀ ಇರುತ್ತದೆ. ಕುಣಿಗಲ್ ಕಡೆ ರಾಗಿ ಹೊಲದ ಜೊತೆಗೆ ಹಸು, ಕೆಲವು ಮನೆಗಳಲ್ಲಿ ರೇಷ್ಮೆ ಹುಳುವಿನ ಕೆಲಸ. ಎಷ್ಟೋ ಹೆಣ್ಣುಮಕ್ಕಳು ಬೆಳಗಿನ ಹಾಲು ಕರೆದು, ಮಕ್ಕಳನ್ನು ಶಾಲೆಗೆ ಕಳಿಸಿ, ತಾವೂ ಕಾರ್ಖಾನೆಯ ಬಸ್ಸು ಹತ್ತುತ್ತಾರೆ. ತುಮಕೂರು ನಗರದಲ್ಲಿ ನೌಕರಿಗೆಂದು ನೆಲೆಸಿದವರ ಮನೆಗೆ ರಾಗಿ ಮೂಟೆ ಊರಿನಿಂದ ಬರುತ್ತದೆ. ಅಡುಗೆಗೆ ಸಿಗುವುದು ಮಾತ್ರ ಬೆಳಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ. ಇಂಥ ಮನೆಗಳಿಗೇ ವಾರದ ಊಟದ ಯೋಜನೆ ಹೆಚ್ಚು ಅವಶ್ಯಕ.

ಯೋಜನೆಯಿಲ್ಲದ ವಾರ

ಯೋಜನೆಯಿಲ್ಲದ ಮನೆಯಲ್ಲಿ ವಾರ ಹೇಗೆ ಸಾಗುತ್ತದೆಂಬುದು ಎಲ್ಲರಿಗೂ ಗೊತ್ತಿದ್ದದ್ದೇ. ಸಂತೆಯ ದಿನ ಮತ್ತು ಮರುದಿನ ತರಕಾರಿ ಸಮೃದ್ಧಿ. ಮೂರನೆಯ ದಿನಕ್ಕೆ ಸೊಪ್ಪು ಬಾಡಿ ಹಸುವಿನ ಪಾಲಾಗುತ್ತದೆ. ನಾಲ್ಕನೆಯ ದಿನ ಬೇಳೆ ಡಬ್ಬ ತಳ ಕಾಣುತ್ತದೆ. ಐದನೆಯ ದಿನದಿಂದ ಮುದ್ದೆಗೆ ಹುಣಸೆ ಹುಳಿ, ಮೆಣಸಿನಕಾಯಿ ಕದಡಿದ ನೀರು ಸಾರು. ಊರಿನ ಅಂಗಡಿಯಿಂದ ಕಾಲು ಕಿಲೋ ಬೇಳೆ, ನೂರು ಗ್ರಾಂ ಎಣ್ಣೆ ಬಿಡಿಬಿಡಿಯಾಗಿ ಬರುತ್ತದೆ. ಹಾಗೆ ತಂದದ್ದಕ್ಕೆ ಬೆಲೆಯೂ ಹೆಚ್ಚು.

ಇದರಲ್ಲಿ ಹಣದ ನಷ್ಟಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಸಾರು ತೆಳ್ಳಗಾದ ದಿನ ಕಾಳು, ಸೊಪ್ಪು ಮೊದಲು ಬಡಿಸಿಕೊಂಡವರ ತಟ್ಟೆಗೆ ಹೋಗುತ್ತದೆ. ಕೊನೆಗೆ ಉಣ್ಣುವ ಮನೆಯಾಕೆಗೆ ಉಳಿಯುವುದು ತಿಳಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ ಇದೆ. ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ ಸುಮಾರು 65ಕ್ಕೆ. ರಕ್ತಹೀನತೆಗೆ ಕಾರಣಗಳು ಹಲವು. ವಾರದ ಕೊನೆಯ ತೆಳು ಸಾರೂ ಅವುಗಳಲ್ಲಿ ಒಂದು.

ಈ ತೊಂದರೆಯ ಮೂಲ ಬಹುಮಟ್ಟಿಗೆ ಇಲ್ಲಿದೆ: ಅನೇಕ ಮನೆಗಳಲ್ಲಿ ಸಂತೆ ಮಾಡುವವರು ಒಬ್ಬರು, ಅಡುಗೆ ಮಾಡುವವರು ಇನ್ನೊಬ್ಬರು. ಯಜಮಾನರು ಚೀಲ ಹಿಡಿದು ಹೋಗಿ ಕಣ್ಣಿಗೆ ಕಂಡದ್ದನ್ನು ತರುತ್ತಾರೆ. ಮನೆಯಲ್ಲಿ ಅವರೆಕಾಳಿದ್ದರೂ ಬೇಳೆ ಬರುತ್ತದೆ. ಮುಗಿದಿದ್ದ ಉದ್ದು ಬರುವುದಿಲ್ಲ. ಇಬ್ಬರ ನಡುವೆ ಒಂದು ಚೀಟಿ ಇದ್ದರೆ ಈ ತಪ್ಪು ಅರ್ಧಕ್ಕರ್ಧ ತಪ್ಪುತ್ತದೆ.

ವಾರಕ್ಕೆ ಎಷ್ಟು ಬೇಕು?

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಸೂಚಿಯಲ್ಲಿ, ದಿನಕ್ಕೆ 2,000 ಕ್ಯಾಲೊರಿ ಬೇಕಾದ ಒಬ್ಬ ವ್ಯಕ್ತಿಗೆ ಧಾನ್ಯ ಸುಮಾರು 250 ಗ್ರಾಂ, ಬೇಳೆಕಾಳು 85 ಗ್ರಾಂ, ಸೊಪ್ಪು ತರಕಾರಿ 400 ಗ್ರಾಂ, ಹಣ್ಣು 100 ಗ್ರಾಂ, ಎಣ್ಣೆ ಸುಮಾರು 27 ಗ್ರಾಂ, ಹಾಲು 300 ಮಿ.ಲೀ. ಎಂದು ಹೇಳಿದೆ. ಮೊಟ್ಟೆ, ಮಾಂಸ ತಿನ್ನುವವರು ಬೇಳೆಯ ಒಂದು ಭಾಗಕ್ಕೆ ಬದಲಾಗಿ ಅವನ್ನು ಬಳಸಬಹುದು. ಐದು ಜನರ ಕುಟುಂಬದ ಒಂದು ವಾರಕ್ಕೆ ಇದನ್ನು ಗುಣಿಸಿದರೆ ಲೆಕ್ಕ ಹೀಗಾಗುತ್ತದೆ:

ರಾಗಿ, ಅಕ್ಕಿ, ಗೋಧಿ ಒಟ್ಟು ಸುಮಾರು 9 ಕಿ.ಗ್ರಾಂ.
ಬೇಳೆ, ಕಾಳು 3 ಕಿ.ಗ್ರಾಂ.
ಸೊಪ್ಪು ತರಕಾರಿ 14 ಕಿ.ಗ್ರಾಂ, ಇದರಲ್ಲಿ ಸೊಪ್ಪೇ ಮೂರೂವರೆ ಕಿ.ಗ್ರಾಂ.
ಹಣ್ಣು ಮೂರೂವರೆ ಕಿ.ಗ್ರಾಂ.
ಎಣ್ಣೆ ಒಂದು ಕಿ.ಗ್ರಾಂಗಿಂತ ಕೊಂಚ ಕಡಿಮೆ.
ಹಾಲು ದಿನಕ್ಕೆ ಒಂದೂವರೆ ಲೀಟರ್.

ಅಗತೆ, ಕಟಾವಿನಂಥ ಕಷ್ಟದ ಕೆಲಸ ಮಾಡುವವರಿಗೆ ಧಾನ್ಯ ಇದಕ್ಕಿಂತ ಹೆಚ್ಚು ಬೇಕು; ಚಿಕ್ಕ ಮಕ್ಕಳಿಗೆ ಕಡಿಮೆ. ಉಪ್ಪು ತಲೆಗೆ ದಿನಕ್ಕೆ 5 ಗ್ರಾಂ ಮೀರಬಾರದು.

ಈ ಲೆಕ್ಕವನ್ನು ಮನೆಯ ಖರ್ಚಿನೊಂದಿಗೆ ಹೋಲಿಸಿ ನೋಡಬೇಕು. ಹೆಚ್ಚಿನ ಮನೆಗಳಲ್ಲಿ ಧಾನ್ಯಕ್ಕೆ ಕೊರತೆಯಿಲ್ಲ. ರಾಗಿ ಹೊಲದ್ದು, 2013ರಲ್ಲಿ ಅನ್ನಭಾಗ್ಯ ಯೋಜನೆ ಆರಂಭವಾದ ಮೇಲೆ ಅಕ್ಕಿ ಪಡಿತರದ ಅಂಗಡಿಯಿಂದಲೂ ಬರುತ್ತಿದೆ. ಕೊರತೆ ಬೀಳುವುದು ಕಾಳು ಮತ್ತು ಸೊಪ್ಪಿನಲ್ಲಿ. ಆದುದರಿಂದ ಸಂತೆಯ ಹಣದ ಮೊದಲ ಪಾಲು ಇವಕ್ಕೆ ಸಲ್ಲಬೇಕು. ಖಾರಾಬೂಂದಿ, ಬಿಸ್ಕತ್ತುಗಳ ಸರದಿ ಆಮೇಲೆ. ಹಾಗೆಯೇ ಹಾಲನ್ನು ಡೇರಿಗೆ ಅಳೆಯುವ ಮೊದಲು ಮನೆಯ ಪಾಲನ್ನು ತೆಗೆದಿಡಬೇಕು. ಹಸು ಕಟ್ಟಿದ ಮನೆಯ ಮಗುವಿಗೇ ಹಾಲಿಲ್ಲವೆಂದರೆ ಅದು ಲಾಭದ ಹೈನುಗಾರಿಕೆಯಲ್ಲ.

ಚೀಟಿ ಬರೆಯುವ ಕ್ರಮ

ಸಂತೆಯ ಹಿಂದಿನ ರಾತ್ರಿ ಹತ್ತು ನಿಮಿಷ ಸಾಕು. ಮಗುವಿನ ಹಳೆಯ ನೋಟುಬುಕ್ಕೇ ಆಗಬಹುದು. ಓದು ಬರಹ ಬಾರದ ತಾಯಿ ಹೇಳಿದರೆ ಶಾಲೆಗೆ ಹೋಗುವ ಮಗು ಬರೆಯಲಿ.

ಮೊದಲನೆಯದಾಗಿ ಮನೆಯಲ್ಲಿರುವುದನ್ನು ನೋಡಬೇಕು: ರಾಗಿ ಹಿಟ್ಟು ಎಷ್ಟು ದಿನಕ್ಕಿದೆ, ಕಾಳಿನ ಡಬ್ಬಗಳಲ್ಲಿ ಏನೇನಿದೆ. ಎರಡನೆಯದಾಗಿ ಹಿತ್ತಲು, ಹೊಲ, ತೋಟದಲ್ಲಿ ಈ ವಾರ ಕೈಗೆ ಬರುವುದೇನು ಎಂದು ಕೇಳಿಕೊಳ್ಳಬೇಕು: ನುಗ್ಗೆ ಸೊಪ್ಪೋ, ಹಲಸಿನಕಾಯಿಯೋ, ಬೇಲಿಯ ಮೇಲಿನ ಹೀರೆಯೋ. ಮೂರನೆಯದಾಗಿ ಏಳು ದಿನದ ಸಾರು, ತಿಂಡಿ ಬರೆಯಬೇಕು. ಇಷ್ಟಾದ ಮೇಲೆ ಉಳಿಯುವ ಕೊರತೆಯೇ ಸಂತೆಯ ಚೀಟಿ. ಈ ಕ್ರಮ ತಲೆಕೆಳಗಾಗಬಾರದು. ಮೊದಲು ಸಂತೆ, ಆಮೇಲೆ ಯೋಚನೆ ಎಂದರೆ ಸಂತೆಗೆ ಮೂರು ಮೊಳ ನೇಯ್ದ ಹಾಗಾಗುತ್ತದೆ.

ಏಳು ದಿನದ ಸಾರು

ಬೇಗ ಕೆಡುವುದನ್ನು ಮೊದಲು, ತಡೆಯುವುದನ್ನು ಕೊನೆಗೆ ಬಳಸಬೇಕೆಂಬುದೇ ಇಲ್ಲಿನ ನಿಯಮ. ಒಂದು ಮಾದರಿ ಹೀಗಿದೆ:

ಸಂತೆಯ ದಿನ: ದಂಟು ಅಥವಾ ಕೀರೆ ಸೊಪ್ಪು, ತೊಗರಿ ಬೇಳೆ ಬೇಯಿಸಿ ಬಸಿದು ಬಸ್ಸಾರು, ಪಲ್ಯ.
ಎರಡನೆಯ ದಿನ: ಉಳಿದ ಸೊಪ್ಪುಗಳ ಮಸ್ಸೊಪ್ಪು. ರಾತ್ರಿ ಹುರುಳಿ ನೆನೆಹಾಕುವುದು.
ಮೂರನೆಯ ದಿನ: ಬದನೆ, ಹುರುಳಿಕಾಯಿ, ನವಿಲುಕೋಸಿನ ಹುಳಿ. ನೆನೆದ ಹುರುಳಿಯನ್ನು ಬಟ್ಟೆಯಲ್ಲಿ ಕಟ್ಟುವುದು.
ನಾಲ್ಕನೆಯ ದಿನ: ಮೊಳಕೆ ಹುರುಳಿ ಸಾರು.
ಐದನೆಯ ದಿನ: ಹಿತ್ತಲ ನುಗ್ಗೆ ಸೊಪ್ಪಿಗೆ ಹೆಸರುಕಾಳು ಸೇರಿಸಿ ಉಪ್ಸಾರು.
ಆರನೆಯ ದಿನ: ಸಿಹಿಗುಂಬಳ ಅಥವಾ ಸೌತೆಕಾಯಿ ಹಾಕಿ ಅಲಸಂದೆ ಕಾಳಿನ ಸಾರು.
ಏಳನೆಯ ದಿನ: ಒಣ ಅವರೆಕಾಳು, ಆಲೂಗಡ್ಡೆ, ತಿನ್ನುವವರಿಗೆ ಮೊಟ್ಟೆ. ಜೊತೆಗೆ ಹುಚ್ಚೆಳ್ಳು ಚಟ್ನಿ.

ಈ ಮಾದರಿಯಲ್ಲಿ ಏಳು ದಿನವೂ ಕಾಳು ಅಥವಾ ಬೇಳೆ ಇದೆ. ಮೂರು ದಿನ ಸೊಪ್ಪಿದೆ. ಪುಷ್ಯ ಮಾಸದಲ್ಲಿ ಸೊಗಡಿನ ಅವರೆ ಬಂದಾಗ ಹಿದಕಿದ ಬೇಳೆ ಸಾರಿಗೆ, ಸಬ್ಬಸಿಗೆ ಸೊಪ್ಪಿನ ಉಪ್ಪಿಟ್ಟಿಗೆ ಜಾಗ ಮಾಡಿಕೊಳ್ಳಬಹುದು. ಚೇಳೂರು ಕಡೆಯ ಮನೆಗಳಲ್ಲಿ ಹಲಸಿನ ಕಾಲದಲ್ಲಿ ಬೀಜವನ್ನು ಒಣಗಿಸಿಟ್ಟುಕೊಂಡರೆ ಸಾರಿಗೆ ಒದಗುತ್ತದೆ.

ಬೆಳಗ್ಗೆ ಬಸ್ಸು ಹಿಡಿಯುವವರು ಸೊಪ್ಪು ಬಿಡಿಸುವುದು, ಕಾಳು ನೆನೆಸುವುದು, ಖಾರ ರುಬ್ಬುವುದನ್ನು ರಾತ್ರಿಯೇ ಮುಗಿಸಬೇಕು. ಈ ಕೆಲಸಗಳಿಗೆ ಗಂಡಸರ ಕೈಯೂ ಸೇರಬೇಕು. ಸೊಪ್ಪನ್ನು ತೊಳೆದು ಹೆಚ್ಚಬೇಕೇ ಹೊರತು ಹೆಚ್ಚಿ ತೊಳೆಯಬಾರದು. ಸತ್ವ ನೀರಿನ ಪಾಲಾಗುತ್ತದೆ. ಬೆಂದ ಸೊಪ್ಪಿಗೆ ನಿಂಬೆ ಹಿಂಡಿದರೆ ಅದರ ಕಬ್ಬಿಣಾಂಶ ಮೈಗೆ ಚೆನ್ನಾಗಿ ಹತ್ತುತ್ತದೆ. ಊಟದ ಜೊತೆಗೇ ಕಾಫಿ, ಟೀ ಕುಡಿದರೆ ಅಷ್ಟಾಗಿ ಹತ್ತುವುದಿಲ್ಲ.

ಮುದ್ದೆಯನ್ನು ಕೈಬಿಡಬಾರದು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿ.ಗ್ರಾಂ ಸುಣ್ಣದ ಅಂಶವಿದೆ. ಪಾಲಿಷ್ ಅಕ್ಕಿಯಲ್ಲಿ ಹತ್ತು ಮಿ.ಗ್ರಾಂನ ಆಸುಪಾಸು. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷವೆಂದು ಆಚರಿಸಿದ ಮೇಲೆ ಪಟ್ಟಣದ ಅಂಗಡಿಗಳಲ್ಲಿ ರಾಗಿಗೆ ಗೌರವ ಬಂದಿದೆ. ಬೆಳೆದವರ ಮನೆಯಲ್ಲೇ ಅದಕ್ಕೆ ಗೌರವ ತಪ್ಪಬಾರದು.

ಸಂತೆಯಲ್ಲಿ

ಕೆಡದ ಸಾಮಾನುಗಳಾದ ಎಣ್ಣೆ, ಬೇಳೆ, ಬೆಲ್ಲ, ಉಪ್ಪುಗಳನ್ನು ತಿಂಗಳಿಗೊಮ್ಮೆ ಒಟ್ಟಿಗೆ ತರುವುದು ಮೇಲು. ವಾರದ ಚೀಲ ಸೊಪ್ಪು, ತರಕಾರಿ, ಹಣ್ಣಿಗಷ್ಟೇ ಇರಲಿ. ಸಂತೆ ಮುಗಿಯುವ ಹೊತ್ತಿಗೆ ಬೆಲೆ ಇಳಿಯುತ್ತದೆ. ಆಗ ಕುಂಬಳ, ಸೌತೆ, ಗೆಣಸು ಕೊಳ್ಳಬಹುದು. ಸೊಪ್ಪನ್ನು ಮಾತ್ರ ಬೆಳಗ್ಗೆಯೇ ಕೊಳ್ಳಬೇಕು. ತುಮಕೂರು ನಗರದಲ್ಲಿರುವ ನಾಲ್ಕು ಮನೆಯವರು ಒಟ್ಟಾಗಿ ಅಂತರಸನಹಳ್ಳಿ ಮಾರುಕಟ್ಟೆಯಿಂದ ಸಗಟಾಗಿ ತಂದು ಹಂಚಿಕೊಂಡರೆ ಉಳಿತಾಯವಾಗುತ್ತದೆ.

ಚೀಟಿಯಿಂದ ಹೊಲಕ್ಕೆ

ನಾಲ್ಕು ವಾರದ ಚೀಟಿಗಳನ್ನು ಎದುರಿಗಿಟ್ಟುಕೊಂಡರೆ ಬೇಸಾಯದ ಬಗೆಗೂ ಒಂದು ಮಾತು ತಿಳಿಯುತ್ತದೆ. ವಾರಕ್ಕೆ 3 ಕಿ.ಗ್ರಾಂ ಕಾಳೆಂದರೆ ವರ್ಷಕ್ಕೆ ಒಂದೂವರೆ ಕ್ವಿಂಟಲ್‌ಗೂ ಮಿಗಿಲು. ಹಿಂದೆ ಈ ಸೀಮೆಯ ರಾಗಿ ಹೊಲದಲ್ಲಿ ಅಕ್ಕಡಿ ಸಾಲು ಇಲ್ಲದೆ ಬಿತ್ತನೆಯೇ ಇರಲಿಲ್ಲ. ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು, ಸಾಸಿವೆ ಆ ಸಾಲುಗಳಿಂದಲೇ ಮನೆಗೆ ಬರುತ್ತಿದ್ದವು. ಬರಿಯ ರಾಗಿ ಬಿತ್ತಿದ ಹೊಲ, ಬರಿಯ ತೆಂಗು ಅಡಿಕೆಯ ತೋಟ ಹೆಚ್ಚಿದಂತೆಲ್ಲ ಈ ಕಾಳುಗಳು ಸಂತೆಯ ಚೀಟಿಗೆ ಸೇರಿದವು. ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ ಹಾಕುವುದು ಶಿಫಾರಸು ಮಾಡಿರುವ ಪದ್ಧತಿ. ಮಳೆ ಕೈಕೊಟ್ಟ ವರ್ಷವೂ ಎರಡರಲ್ಲಿ ಒಂದು ಕೈಗೆ ಬರುವ ಸಂಭವ ಹೆಚ್ಚು. ಹೆಬ್ಬಾಳದ ಕೃಷಿ ವಿಶ್ವವಿದ್ಯಾನಿಲಯದ ಎಚ್.ಎ.-3, ಎಚ್.ಎ.-4 ಅವರೆ ತಳಿಗಳು ಚಳಿಗಾಲಕ್ಕೆ ಕಾಯದೆ ಬೇರೆ ಕಾಲದಲ್ಲೂ ಕಾಯಿ ಬಿಡುತ್ತವೆ. ನೀರಿರುವ ಗುಬ್ಬಿಯ ತೋಟದವರು ಒಂದೆರಡು ಪಾತಿ ಹಾಕಿಕೊಳ್ಳಬಹುದು.

ಕಾಳು ಕಣದಿಂದ ಬಂದ ಕೂಡಲೇ ಪೂರ್ತಿ ಮಾರಿ, ಬೇಸಿಗೆಯಲ್ಲಿ ಅದನ್ನೇ ಬೇಳೆಯಾಗಿ ಅಂಗಡಿಯಿಂದ ತರುವುದು ಜಾಣತನವಲ್ಲ. ಮನೆಯ ಪಾಲನ್ನು ಚೆನ್ನಾಗಿ ಒಣಗಿಸಿ ಬಿಗಿಯಾದ ಡಬ್ಬದಲ್ಲಿಟ್ಟು, ಉಳಿದದ್ದನ್ನು ಮಾರಬೇಕು. ಹಿಂದಿನವರು ಹಗೇವಿನಲ್ಲಿ ರಾಗಿ ತುಂಬುತ್ತಿದ್ದುದೂ ಇದೇ ವಿವೇಕದಿಂದ.

ಸೊಪ್ಪಿನ ಲೆಕ್ಕವೂ ಹೀಗೆಯೇ. ವಾರಕ್ಕೆ ಬೇಕಾದ ಮೂರೂವರೆ ಕಿ.ಗ್ರಾಂ ಸೊಪ್ಪನ್ನು ಒಂದೇ ದಿನ ತಂದಿಟ್ಟರೆ ಉಳಿಯುವುದಿಲ್ಲ. ಅರ್ಧವಾದರೂ ಹಿತ್ತಲಿನಿಂದ ಬರಬೇಕು. ಬಚ್ಚಲ ನೀರು ಹರಿಯುವಲ್ಲಿ ಎರಡು ನುಗ್ಗೆ, ಒಂದು ಪರಂಗಿ, ಒಂದು ಕರಿಬೇವು; ಬೋರ್‌ವೆಲ್ ಅಥವಾ ನಲ್ಲಿಯ ಶುದ್ಧ ನೀರು ಸಿಗುವಲ್ಲಿ ಹದಿನೈದು ದಿನಕ್ಕೊಮ್ಮೆ ಬಿತ್ತುವ ಎರಡು ಪಾತಿ ದಂಟು. ಹಲವು ಸಲ ಕೊಯ್ಯಬಹುದಾದ 'ಅರ್ಕಾ ಸುಗುಣ' ದಂಟಿನ ಬಗೆಗೆ ತುಮಕೂರು ಬಳಿಯ ಹಿರೇಹಳ್ಳಿ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು.

ವಿಸ್ತರಣಾ ಕಾರ್ಯಕರ್ತರಲ್ಲಿ ಒಂದು ವಿನಂತಿ. ಬೆಳೆ ಯೋಜನೆ ಕೇಳಲು ರೈತನ ಮನೆಗೆ ಹೋದಾಗ ಅಡುಗೆಮನೆಯ ಚೀಟಿಯನ್ನೂ ಕೇಳಬೇಕು. ಆ ಮಾತಿಗೆ ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿಕೊಳ್ಳಬೇಕು. ಸ್ತ್ರೀಶಕ್ತಿ ಸಂಘದ ಸಭೆಯಲ್ಲಿ ಹತ್ತು ಮನೆಯವರು ನಾಲ್ಕು ವಾರ ಚೀಟಿ ಇಟ್ಟು ತಂದರೆ, ಯಾವ ಕಾಳು ಎಲ್ಲರ ಚೀಟಿಯಲ್ಲೂ ಮತ್ತೆ ಮತ್ತೆ ಬರುತ್ತದೆಂದು ಕಾಣುತ್ತದೆ. ಬರುವ ಮುಂಗಾರಿಗೆ ಅದರ ಬೀಜವನ್ನು ಒಟ್ಟಾಗಿ ತರಿಸಿಕೊಳ್ಳಲಿ. ಪ್ರತಿ ಮನೆಯೂ ಬರುವ ಸಂತೆಯ ಹಿಂದಿನ ರಾತ್ರಿಯೇ ಮೊದಲ ಚೀಟಿ ಬರೆಯಲಿ.