ಈಮ್ ಊರಿನ ಇಬ್ಬರು ಪಾದ್ರಿಗಳು



ಇಂಗ್ಲೆಂಡಿನ ಡರ್ಬಿಶೈರ್ ಗುಡ್ಡಗಾಡಿನ ಸೀಮೆ. ಅಲ್ಲಿ ಈಮ್ ಎಂಬ ಹಳ್ಳಿ, ಹಳ್ಳಿಗೊಂದು ಆಂಗ್ಲಿಕನ್ ಚರ್ಚು, ಸಂತ ಲಾರೆನ್ಸರ ಹೆಸರಿನದು. ಅಂಗಳದಲ್ಲಿರುವ ಕೆತ್ತನೆಯ ಕಲ್ಲಿನ ಶಿಲುಬೆ ಸುಮಾರು 8ನೇ ಶತಮಾನದ್ದು. ಈಗಿನ ಕಟ್ಟಡಕ್ಕಿಂತ ಎಷ್ಟೋ ಹಳೆಯದು. ಮಗುವಿಗೆ ದೀಕ್ಷಾಸ್ನಾನ, ಮದುವೆ, ಸತ್ತಾಗ ಮಣ್ಣು, ಈ ಮೂರೂ ಹಿಂದೆ ಇಂಥ ಊರಚರ್ಚಿನಲ್ಲೇ ನಡೆಯಬೇಕಿತ್ತು. ಮೂರನ್ನೂ ಪುಸ್ತಕದಲ್ಲಿ ಬರೆದಿಡಬೇಕೆಂಬ ಕಟ್ಟಳೆ 1538ರಿಂದಲೇ ಇತ್ತು.

ಈಮ್ ಚರ್ಚಿನ ದಾಖಲೆಯಲ್ಲಿ 1665ರ ಸೆಪ್ಟೆಂಬರ್ 7ರಂದು ಜಾರ್ಜ್ ವಿಕಾರ್ಸ್ ಎಂಬಾತನನ್ನು ಹೂಳಿದ್ದು ಬರೆದಿದೆ. ಆತ ದರ್ಜಿಯ ಮನೆಯ ಕೆಲಸಗಾರ. ಲಂಡನ್ನಿನಿಂದ ಬಂದ ಬಟ್ಟೆಯ ಗಂಟು ತೇವವಾಗಿತ್ತು, ಬಿಚ್ಚಿ ಬೆಂಕಿಯ ಮುಂದೆ ಹರವಿದ, ಅದರೊಳಗಿದ್ದ ಚಿಗಟಗಳಿಂದ ಪ್ಲೇಗು ಊರು ಹೊಕ್ಕಿತು ಎಂಬುದು ಅಲ್ಲಿಯವರು ಹೇಳಿಕೊಂಡು ಬಂದ ಮಾತು. ಚಳಿಗಾಲದಲ್ಲಿ ಬೇನೆ ಇಳಿಯಿತು, ಮರುವರ್ಷದ ಬೇಸಿಗೆಯಲ್ಲಿ ಮತ್ತೆ ಏರಿತು.

ಆಗಿನ ಪಾದ್ರಿ ವಿಲಿಯಂ ಮಾಂಪೆಸನ್. ಇನ್ನೂ ಮೂವತ್ತು ತುಂಬದವರು, 1664ರಲ್ಲಷ್ಟೇ ಊರಿಗೆ ಬಂದವರು. ಜನರ ಒಲವೆಲ್ಲ ಹಿಂದಿನ ಪಾದ್ರಿ ಥಾಮಸ್ ಸ್ಟ್ಯಾನ್ಲಿಯವರ ಕಡೆಗಿತ್ತು. ಸ್ಟ್ಯಾನ್ಲಿ ಪ್ಯೂರಿಟನ್ ಪಂಥದವರು. ಪಾದ್ರಿಗಳೆಲ್ಲ ಸರ್ಕಾರ ಗೊತ್ತುಮಾಡಿದ ಪ್ರಾರ್ಥನಾ ಪುಸ್ತಕವನ್ನು ಒಪ್ಪಲೇಬೇಕೆಂದು 1662ರಲ್ಲಿ ಕಾನೂನು ಬಂದಾಗ ದೇಶದಾದ್ಯಂತ ಎಷ್ಟೋ ಪಾದ್ರಿಗಳು ಒಪ್ಪದೆ ಹುದ್ದೆ ಕಳೆದುಕೊಂಡರು. ಸ್ಟ್ಯಾನ್ಲಿಯವರೂ ಅವರಲ್ಲೊಬ್ಬರು. ಒಬ್ಬರು ಕಾನೂನಿನ ಪಾದ್ರಿ, ಇನ್ನೊಬ್ಬರು ಕಾನೂನು ಹೊರಗಟ್ಟಿದ ಪಾದ್ರಿ. ಆ ಕಾಲದ ಇಂಗ್ಲೆಂಡಿನಲ್ಲಿ ಇದು ಸಣ್ಣ ಭೇದವೇನಲ್ಲ; ಇದರ ಹೆಸರಿನಲ್ಲಿ ರಕ್ತ ಹರಿದಿತ್ತು.

ಹೀಗಿದ್ದರೂ 1666ರ ಜೂನಿನಲ್ಲಿ ಈ ಇಬ್ಬರೂ ಜೊತೆಯಾಗಿ ಊರವರ ಮುಂದೆ ನಿಂತರು. ತನ್ನೊಬ್ಬನ ಮಾತಿಗೆ ಜನ ಒಪ್ಪುವುದಿಲ್ಲವೆಂದು ಮಾಂಪೆಸನ್‌ಗೆ ಗೊತ್ತಿತ್ತು. ಊರು ಮೂರು ಕಟ್ಟುಗಳನ್ನು ಒಪ್ಪಿಕೊಂಡಿತು: ಸತ್ತವರನ್ನು ಚರ್ಚಿನ ಅಂಗಳಕ್ಕೆ ತರದೆ ಮನೆಯವರೇ ತಮ್ಮ ಹೊಲದಲ್ಲೋ ಹಿತ್ತಿಲಲ್ಲೋ ಹೂಳಬೇಕು, ಚರ್ಚಿಗೆ ಬೀಗ ಹಾಕಿ ಪ್ರಾರ್ಥನೆಯನ್ನು ಕಕ್ಲೆಟ್ ಡೆಲ್ಫ್ ಎಂಬ ಬಯಲಕಣಿವೆಯಲ್ಲಿ ನಡೆಸಬೇಕು, ಯಾರೂ ಊರಿನ ಎಲ್ಲೆ ದಾಟಬಾರದು. ಪವಿತ್ರ ನೆಲದಲ್ಲಿ ಮಣ್ಣಾಗುವುದನ್ನೇ ಬದುಕಿನ ಕೊನೆಯ ನೆಮ್ಮದಿ ಎಂದು ನಂಬಿದ್ದ ಜನ ಅದನ್ನು ಬಿಟ್ಟುಕೊಟ್ಟರು. ನನಗೆ ಇದೇ ಎಲ್ಲಕ್ಕಿಂತ ದೊಡ್ಡ ತ್ಯಾಗ ಅನ್ನಿಸುತ್ತದೆ.

ಸ್ಟೋನಿ ಮಿಡಲ್ಟನ್ ಎಂಬ ನೆರೆಯೂರಿನ ದಾರಿಯಲ್ಲಿ ಗಡಿಗಲ್ಲೊಂದು ಇಂದಿಗೂ ಇದೆ. ಅದರ ಮೇಲೆ ಕುಳಿಗಳು. ಆ ಕುಳಿಗಳಲ್ಲಿ ವಿನೆಗರ್ ತುಂಬಿ ನಾಣ್ಯ ಹಾಕಿಡುತ್ತಿದ್ದರು. ಹೊರಗಿನವರು ಅದನ್ನೆತ್ತಿಕೊಂಡು ದವಸ ಇಟ್ಟುಹೋಗುತ್ತಿದ್ದರು. ಚಾಟ್ಸ್‌ವರ್ತ್ ಅರಮನೆಯ ಡೆವನ್‌ಶೈರ್ ಅರ್ಲ್ ಕೂಡ ಆಹಾರ ಕಳಿಸಿದರು.

ಆಗಸ್ಟ್ ತಿಂಗಳು ಅತಿ ಕ್ರೂರವಾಯಿತು. ಎಲಿಜಬೆತ್ ಹ್ಯಾನ್‌ಕಾಕ್ ಎಂಬ ತಾಯಿ ಎಂಟೇ ದಿನಗಳಲ್ಲಿ ಗಂಡನನ್ನೂ ಆರು ಮಕ್ಕಳನ್ನೂ ತನ್ನ ಕೈಯಾರೆ ಮಣ್ಣು ಮಾಡಿದಳು. ಹೆಗಲು ಕೊಡಲು ಯಾರೂ ಬರುವಂತಿರಲಿಲ್ಲ. ಆ ಸಮಾಧಿಗಳು ಊರಾಚೆಯ ಗುಡ್ಡದ ಮೇಲೆ ಕಲ್ಲಿನ ಪೌಳಿಯೊಳಗೆ ಈಗಲೂ ಇವೆ. ಅದೇ ಆಗಸ್ಟ್ 25ರಂದು ಮಾಂಪೆಸನ್‌ರ ಹೆಂಡತಿ ಕ್ಯಾಥರೀನ್ ತೀರಿಕೊಂಡರು. ಪಾದ್ರಿ ತನ್ನ ಮಕ್ಕಳನ್ನು ಮಾತ್ರ ಮೊದಲೇ ಹೊರಗೆ ಕಳಿಸಿದ್ದರಲ್ಲ ಎಂದು ಆಕ್ಷೇಪಿಸುವವರಿದ್ದಾರೆ. ಆ ಆಕ್ಷೇಪವನ್ನು ತಳ್ಳಿಹಾಕಲಾಗದು. ಆದರೆ ಮಕ್ಕಳ ಜೊತೆ ಹೋಗಬಹುದಾಗಿದ್ದ ಕ್ಯಾಥರೀನ್ ಗಂಡನನ್ನೂ ಊರನ್ನೂ ಬಿಟ್ಟು ಕದಲಲಿಲ್ಲ, ರೋಗಿಗಳ ನಡುವೆಯೇ ಉಳಿದರು ಎಂಬುದನ್ನೂ ತಕ್ಕಡಿಗೆ ಹಾಕಬೇಕು.

ನವೆಂಬರ್ 1ರಂದು ಕೊನೆಯ ಸಾವು. ಒಟ್ಟು 260 ಮಂದಿ ಸತ್ತರೆಂದು ರೂಢಿಯ ಲೆಕ್ಕ. ಬೇನೆ ಸುತ್ತಲಿನ ಹಳ್ಳಿಗಳಿಗೆ ಹರಡಲಿಲ್ಲ.

ಮಾಂಪೆಸನ್ ಬೇರೆ ಊರಿಗೆ ಹೋದರು. ಅವರ ಹೆಸರಿನ ಬಾವಿ ಗುಡ್ಡದಲ್ಲಿದೆ, ಅವರದೆನ್ನುವ ಕುರ್ಚಿ ಚರ್ಚಿನಲ್ಲಿದೆ. ಸ್ಟ್ಯಾನ್ಲಿ ಹುದ್ದೆಯಿಲ್ಲದೆ, ಸಂಬಳವಿಲ್ಲದೆ ಅದೇ ಜನರ ಜೊತೆ ಉಳಿದು 1670ರಲ್ಲಿ ಈಮ್‌ನಲ್ಲೇ ತೀರಿಕೊಂಡರು. ಈಗಲೂ ಪ್ರತಿ ವರ್ಷ ಆಗಸ್ಟ್ ಕೊನೆಯ ಭಾನುವಾರ ಊರವರು ಕಕ್ಲೆಟ್ ಡೆಲ್ಫ್‌ನಲ್ಲಿ ಸೇರಿ ಸತ್ತವರನ್ನು ನೆನೆಯುತ್ತಾರೆ. ಕೇಳುಗರೇ, ಈ ಕಥೆಯನ್ನು ನೀವು ಇನ್ನೊಬ್ಬರಿಗೆ ಹೇಳುವುದಾದರೆ ಮಾಂಪೆಸನ್ ಹೆಸರಿನೊಂದಿಗೆ ಸ್ಟ್ಯಾನ್ಲಿಯ ಹೆಸರನ್ನೂ ಹೇಳಿ. ಅವರು ಒಪ್ಪದಿದ್ದರೆ ಊರು ಒಪ್ಪುತ್ತಿರಲಿಲ್ಲ.