ದುಂಡು ಮೇಜಿನ ಊಟ



ಚೈನೀಸ್ ಊಟ ಎಂದೊಡನೆ ನಿಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಗೋಬಿ ಮಂಚೂರಿ. ಚೀನಾದ ಈಶಾನ್ಯ ಭಾಗವಾದ ಮಂಚೂರಿಯಾದಲ್ಲಿ ಹುಡುಕಿದರೆ ಆ ತಿಂಡಿ ನಿಮಗೆ ಸಿಕ್ಕುವುದಿಲ್ಲ. ಕೋಲ್ಕತಾದಲ್ಲಿ ಹುಟ್ಟಿದ ಚೀನೀ ಮೂಲದ ಬಾಣಸಿಗ ನೆಲ್ಸನ್ ವಾಂಗ್ 1975ರಲ್ಲಿ ಮುಂಬಯಿಯ ಕ್ರಿಕೆಟ್ ಕ್ಲಬ್ಬಿನಲ್ಲಿ ಚಿಕನ್ ಮಂಚೂರಿಯನ್ ಮಾಡಿದರೆಂಬುದು ಪ್ರಚಲಿತವಾದ ಕಥೆ. ಕೋಳಿಯ ಜಾಗಕ್ಕೆ ಹೂಕೋಸು ಬಂದದ್ದು ಆಮೇಲೆ. ಆದರೆ ಮಂಚೂರಿಯಾಕ್ಕೂ ಊಟದ ಮೇಜಿಗೂ ಬೇರೊಂದು ನಂಟಿದೆ, ಅದು ಅಷ್ಟು ತಮಾಷೆಯದಲ್ಲ. ಅದನ್ನು ಹೇಳುವ ಮೊದಲು ನಾವು ದಕ್ಷಿಣ ಚೀನಾದ ಗುವಾಂಗ್‌ಝೌಗೆ, ಅಂದರೆ ಹಳೆಯ ಕ್ಯಾಂಟನ್ ಪಟ್ಟಣಕ್ಕೆ ಹೋಗಿಬರೋಣ.

ಅಲ್ಲಿ 1957ರಲ್ಲಿ ಆರಂಭವಾದ ದೊಡ್ಡ ವ್ಯಾಪಾರ ಮೇಳಕ್ಕೆ ನಮ್ಮ ದೇಶದ ವ್ಯಾಪಾರಿಗಳೂ ಹೋಗುತ್ತಾರೆ. ನೀವೂ ಹೋಗಿದ್ದೀರಿ, ಸರಕು ಕೊಡುವವರು ಸಂಜೆ ಊಟಕ್ಕೆ ಕರೆದಿದ್ದಾರೆ ಎಂದಿಟ್ಟುಕೊಳ್ಳಿ. ಹಳೆಯ ಶೈಲಿಯ ಹೋಟೆಲು. ಒಳಗೊಂದು ಪ್ರತ್ಯೇಕ ಕೋಣೆ, ಹತ್ತು ಜನ ಕೂರುವ ದುಂಡು ಮೇಜು. ಕಂಡ ಕುರ್ಚಿಯಲ್ಲಿ ಕೂತುಬಿಡಬೇಡಿ. ಬಾಗಿಲಿಗೆ ಮುಖಮಾಡಿದ ಆಸನ ಗೌರವದ್ದು. ತೋರಿಸಿದ ಮೇಲೆ ಕೂತರಾಯಿತು. 'ನನಗೊಂದು ಪ್ಲೇಟ್ ನೂಡಲ್ಸ್' ಎಂದು ಹೇಳುವ ಪದ್ಧತಿಯೂ ಅಲ್ಲಿಲ್ಲ. ಇಡೀ ಮೇಜಿಗೆ ಏನೇನು ಬರಬೇಕೆಂದು ಕರೆದವರೇ ಹೇಳುತ್ತಾರೆ.

ಮೊದಲು ಬರುವುದು ಬಿಸಿ ಚಹಾ, ಅದೂ ಕುಡಿಯುವುದಕ್ಕಲ್ಲ! ಕ್ಯಾಂಟನ್ ಕಡೆಯವರು ಮೊದಲ ಚಹಾದಲ್ಲಿ ತಮ್ಮ ಬಟ್ಟಲು, ಲೋಟ, ಚಾಪ್‌ಸ್ಟಿಕ್‌ಗಳನ್ನೆಲ್ಲ ತೊಳೆದು, ಆ ನೀರನ್ನು ಬೇರೊಂದು ಪಾತ್ರೆಗೆ ಚೆಲ್ಲುತ್ತಾರೆ. ಎಲೆಗೆ ನೀರು ಚಿಮುಕಿಸಿ ಒರೆಸುವ ನಮಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ. ಆಮೇಲಿನ ಚಹಾ ಕುಡಿಯಲು. ಯಾರಾದರೂ ನಿಮ್ಮ ಲೋಟಕ್ಕೆ ಬಗ್ಗಿಸಿದಾಗ ಎರಡು ಬೆರಳಿನಿಂದ ಮೇಜನ್ನು ಮೆಲ್ಲಗೆ ತಟ್ಟಿ. 'ಥ್ಯಾಂಕ್ಸ್' ಎಂದ ಹಾಗೆ.

ನಂತರ ಸೂಪು, ಅದರ ಹಿಂದೆ ಒಂದೊಂದಾಗಿ ಬಟ್ಟಲುಗಳು. ಎಲ್ಲವೂ ಮೇಜಿನ ನಡುವೆ ತಿರುಗುವ ಗಾಜಿನ ಹಲಗೆಯ ಮೇಲೆ ಕೂರುತ್ತವೆ. ಹಲಗೆಯನ್ನು ನಿಧಾನವಾಗಿ ತಿರುಗಿಸಿ, ಎದುರಿಗೆ ಬಂದದ್ದರಿಂದ ಸ್ವಲ್ಪ ತೆಗೆದುಕೊಳ್ಳಿ. ಬೇರೊಬ್ಬರ ಕೈ ಬಟ್ಟಲಿನಲ್ಲಿರುವಾಗ ತಿರುಗಿಸಬೇಡಿ. ಇಡಿಯಾಗಿ ಬಂದ ಮೀನನ್ನು ಮೇಲುಭಾಗ ಮುಗಿಯಿತೆಂದು ಮಗುಚುವುದೂ ಬೇಡ; ಮೀನು ಮಗುಚಿದರೆ ದೋಣಿ ಮಗುಚೀತು ಎಂಬುದು ಕರಾವಳಿಯವರ ಶಂಕೆ. ಕಡ್ಡಿಗಳನ್ನು ಅನ್ನದಲ್ಲಿ ನೆಟ್ಟಗೆ ಚುಚ್ಚಿದರಂತೂ ಸತ್ತವರ ಮುಂದೆ ಹಚ್ಚಿದ ಊದುಬತ್ತಿಯ ನೆನಪಾಗಿ ಎಲ್ಲರ ಮುಖ ಸಪ್ಪಗಾಗುತ್ತದೆ.

ಇಲ್ಲಿಯವರೆಗೆ ಎಲ್ಲ ಸುಲಭ. ಕಷ್ಟ ಬರುವುದು ಪ್ರೀತಿಯಿಂದ. ಪಕ್ಕದಲ್ಲಿರುವ ಹಿರಿಯರು ಒಳ್ಳೆಯದೊಂದು ತುಂಡನ್ನು ಆರಿಸಿ, ತಾವು ಉಣ್ಣುತ್ತಿರುವ ಕಡ್ಡಿಯಿಂದಲೇ ನಿಮ್ಮ ಬಟ್ಟಲಿಗೆ ಹಾಕುತ್ತಾರೆ. ಅದು ಉಪಚಾರ. ನಮ್ಮ ಕಣ್ಣಿಗೆ ಎಂಜಲು. ನಮ್ಮ ಪಂಕ್ತಿಯಲ್ಲಿ ಬಡಿಸುವವರು ಬೇರೆ, ಉಣ್ಣುವವರು ಬೇರೆ. ಸೌಟು ಎಲೆಗೆ ತಾಗಿದರೂ ಅಜ್ಜಿ ಹುಬ್ಬು ಗಂಟಿಕ್ಕುತ್ತಿದ್ದರು. ಇಲ್ಲಿ ಹತ್ತು ಬಾಯಿಗಳಿಗೆ ಹೋಗಿಬಂದ ಕಡ್ಡಿಗಳು ಒಂದೇ ಬಟ್ಟಲಿಗೆ ಇಳಿಯುತ್ತವೆ. ಆದರೆ ಇದು ಹೊರಗಿನವರಿಗೆ ಮಾತ್ರ ಹೊಳೆದ ಸಂಗತಿ ಎಂದುಕೊಳ್ಳಬೇಡಿ.

1910ರ ಚಳಿಗಾಲದಲ್ಲಿ ಮಂಚೂರಿಯಾಕ್ಕೆ ಶ್ವಾಸಕೋಶದ ಪ್ಲೇಗ್ ಬಂತು. ಸುಮಾರು 60,000 ಜನ ಸತ್ತರು. ಅದನ್ನು ತಡೆಯಲು ಹಾರ್ಬಿನ್ ನಗರಕ್ಕೆ ಹೋದವರು ಪೆನಾಂಗ್‌ನಲ್ಲಿ ಹುಟ್ಟಿ ಕೇಂಬ್ರಿಜ್‌ನಲ್ಲಿ ಓದಿದ ಡಾ. ವು ಲಿಯೆನ್-ತೆ. ಆಗ ಅವರಿಗೆ 31 ವರ್ಷ. ರೋಗ ಉಸಿರಿನಿಂದ ಹರಡುತ್ತಿದೆ ಎಂದು ಗುರುತಿಸಿ, ಹತ್ತಿ ಮತ್ತು ಗಾಜ್ ಬಟ್ಟೆಯ ಮುಖಗವಸು ತೊಡಿಸಿದರು. ಅವರ ಮಾತನ್ನು ನಂಬದೆ ಬರಿಮುಖದಲ್ಲಿ ರೋಗಿಗಳನ್ನು ಪರೀಕ್ಷಿಸಿದ ಫ್ರೆಂಚ್ ವೈದ್ಯರೊಬ್ಬರು ಕೆಲವೇ ದಿನಗಳಲ್ಲಿ ಅದೇ ರೋಗಕ್ಕೆ ಬಲಿಯಾದರು.

ಪ್ಲೇಗ್ ಅಡಗಿದ ಮೇಲೆ ಡಾ. ವು ಅವರನ್ನು ಚಿಂತೆಗೆ ಹಚ್ಚಿದ್ದು ಕ್ಷಯರೋಗ. ಮನೆಮಂದಿಯೆಲ್ಲ ಒಂದೇ ಬಟ್ಟಲಿಗೆ ಕಡ್ಡಿ ಇಳಿಸುವುದು ಅಪಾಯವೆಂದು ಅವರಿಗೆ ಕಂಡಿತು. ಹಾಗೆಂದು ಪ್ರತಿಯೊಬ್ಬರ ಮುಂದೆ ಬೇರೆ ಬೇರೆ ತಟ್ಟೆ ಇಡುವುದು ಚೀನೀ ಊಟಕ್ಕೆ ಒಗ್ಗುವುದಿಲ್ಲ. 1915ರಲ್ಲಿ ಅವರು ಒಂದು ಉಪಾಯ ಸೂಚಿಸಿದರು: ಮೇಜಿನ ನಡುವೆ ತಿರುಗುವ ಹಲಗೆ, ಅದರ ಮೇಲಿನ ಪ್ರತಿ ಬಟ್ಟಲಿಗೂ ಬಡಿಸಿಕೊಳ್ಳಲು ಪ್ರತ್ಯೇಕ ಚಮಚ. ಒಟ್ಟಿಗೆ ಉಣ್ಣುವ ಸುಖವೂ ಉಳಿಯಬೇಕು, ಎಂಜಲೂ ಬೆರೆಯಬಾರದು.

ಜನ ಏನು ಮಾಡಿದರು ಗೊತ್ತೇ? ಕಾಲಕ್ರಮದಲ್ಲಿ ಹಲಗೆ ಹೋಟೆಲು ಹೋಟೆಲಿಗೂ ಬಂತು, ಚಮಚ ಹಿಂದುಳಿಯಿತು. ಹಲಗೆಯಿಂದ ಕೈಗೆ ಅನುಕೂಲ. ಚಮಚ ಹಿಡಿದರೆ ಪಕ್ಕದವರನ್ನು ದೂರ ಇಟ್ಟಂತೆ. ಮನುಷ್ಯರ ಸಂಕೋಚಕ್ಕೆ ಯಾವ ವೈದ್ಯ ಏನು ಮಾಡಿಯಾನು? 2003ರಲ್ಲಿ ಸಾರ್ಸ್ ರೋಗ ಇದೇ ಗುವಾಂಗ್‌ಝೌ ಸೀಮೆಯನ್ನು ನಡುಗಿಸಿದಾಗ ಒಮ್ಮೆ, 2020ರಲ್ಲಿ ಕೊರೊನಾ ಬಂದಾಗ ಮತ್ತೊಮ್ಮೆ, ಬಡಿಸುವ ಕಡ್ಡಿ ಬೇರೆಯಿರಲಿ ಎಂದು ಪ್ರಚಾರ ನಡೆಯಿತು. ಈಗ ಎಷ್ಟೋ ಹೋಟೆಲುಗಳಲ್ಲಿ ನಿಮ್ಮ ಮುಂದೆ ಎರಡು ಬಣ್ಣದ ಎರಡು ಜೊತೆ ಕಡ್ಡಿಗಳಿರುತ್ತವೆ. ಒಂದು ಬಟ್ಟಲಿಗೆ, ಒಂದು ಬಾಯಿಗೆ. ಮಾತಿನ ಭರದಲ್ಲಿ ಅದಲುಬದಲಾಗುವುದು ಮಾಮೂಲು.

ಸಸ್ಯಾಹಾರಿಗಳಿಗೆ ಒಂದು ಕಿವಿಮಾತು. ಚೀನೀ ಭಾಷೆಯಲ್ಲಿ 'ಸು' ಎಂದರೆ ಸಸ್ಯಾಹಾರ, ಆದರೆ ಆ ಒಂದು ಪದವನ್ನು ನೆಚ್ಚಿಕೊಳ್ಳಬೇಡಿ. ಸೊಪ್ಪಿನ ಪಲ್ಯಕ್ಕೆ ಆಯ್ಸ್ಟರ್ ಸಾಸ್ ಬಿದ್ದಿರಬಹುದು, ಹಂದಿಯ ಕೊಬ್ಬಿನಲ್ಲಿ ಹುರಿದಿರಬಹುದು. ಮಾಪೋ ತೋಫುವಿನಲ್ಲಿ ಸಾಮಾನ್ಯವಾಗಿ ಕೊಚ್ಚಿದ ಮಾಂಸವಿರುತ್ತದೆ. ಏನೇನು ತಿನ್ನುವುದಿಲ್ಲ ಎಂಬುದನ್ನು ದುಭಾಷಿಯಿಂದ ಚೀನೀ ಲಿಪಿಯಲ್ಲಿ ಬರೆಸಿ, ಕರೆದವರಿಗೆ ಹಿಂದಿನ ದಿನವೇ ಕೊಡಿ. ಮೇಜಿನ ಮುಂದೆ ಕೂತ ಮೇಲೆ ಹೇಳಿದರೆ ಅವರ ಮುಖ ಕೆಡುತ್ತದೆ, ನಿಮ್ಮ ಹೊಟ್ಟೆಯೂ ತುಂಬುವುದಿಲ್ಲ. ಬೌದ್ಧ ಭಿಕ್ಷುಗಳ ಸಂಪ್ರದಾಯದ ಅಡುಗೆ ಮಾಡುವ ಹೋಟೆಲುಗಳೂ ಇವೆ. ಅಲ್ಲಿ ಈರುಳ್ಳಿ ಬೆಳ್ಳುಳ್ಳಿಯನ್ನೂ ಬಳಸುವುದಿಲ್ಲ. ಮಡಿಯ ಮನೆಯವರಿಗೂ ನಡೆಯುತ್ತದೆ!

ಬಿಲ್ಲಿನ ಮಾತು. ನಮ್ಮ ನಮ್ಮದು ಕೊಟ್ಟುಬಿಡೋಣ ಎನ್ನಬೇಡಿ. ಕರೆದವರು ಕೊಡುತ್ತಾರೆ, ನೀವು ಒಂದೆರಡು ಸಲ ಪಾಕೀಟಿಗೆ ಕೈಹಾಕಿ ಒತ್ತಾಯಿಸಿ ಸೋಲಬೇಕು. ಸೋತವರು ಮರುದಿನ ಊಟಕ್ಕೆ ಕರೆದರಾಯಿತು. ಅಷ್ಟರಲ್ಲಿ ಹೆಚ್ಚಿದ ಹಣ್ಣಿನ ತಟ್ಟೆ ಬಂದು ಹಲಗೆಯ ಮೇಲೆ ಒಂದು ಸುತ್ತು ತಿರುಗುತ್ತದೆ. ಹಣ್ಣು ಬಂತೆಂದರೆ ಊಟ ಮುಗಿಯಿತು, ಏಳಬಹುದು.