ಹರಿಗೋಲಿನವರೂ ಬಿಳಿಗುಂಡ್ಲು ಲೆಕ್ಕವೂ

ತಳಿಯಲ್ಲಿ ಕೂತು ಕಾವೇರಿಯ ಮಾತೇಕೆ ಅನ್ನಬೇಡಿ. ಅಂಚೆಟ್ಟಿ ದಾಟಿ ಇಳಿದರೆ ಬಿಳಿಗುಂಡ್ಲು, ಅದರ ಕೆಳಗೆ ಹೊಗೇನಕಲ್. ಅಲ್ಲಿ ಹರಿಗೋಲಿನಲ್ಲಿ ಮೀನು ಹಿಡಿದು ಬದುಕುವವರಿದ್ದಾರೆ. ಪರಿಸಲ್ ಅಂದರೂ ಅದೇ. ಎರಡು ಹೆಸರೂ ನಮ್ಮವೇ.

ಬಿಳಿಗುಂಡ್ಲುವಿನಲ್ಲಿ ಇಷ್ಟು ಸಾವಿರ ಕ್ಯುಸೆಕ್ ಎಂದು ವಾರ್ತೆಯಲ್ಲಿ ಕೇಳುತ್ತೀರಿ. 2018ರಲ್ಲಿ ಸುಪ್ರೀಂ ಕೋರ್ಟು ವರ್ಷಕ್ಕೆ 177.25 ಟಿಎಂಸಿ ಎಂದದ್ದೂ ಅಲ್ಲಿ ಅಳೆಯುವ ನೀರನ್ನೇ. ಸರ್ಕಾರಗಳಿಗೆ ಅದು ಪಾಲಿನ ಲೆಕ್ಕ, ಹರಿಗೋಲಿನವನಿಗೆ ಜೀವದ ಲೆಕ್ಕ. 10,000 ಕ್ಯುಸೆಕ್ ಎಂದರೆ ಸೆಕೆಂಡಿಗೆ ಸುಮಾರು 2 ಲಕ್ಷ 83 ಸಾವಿರ ಲೀಟರು! ಇಲ್ಲಿ ಬಿಸಿಲಿದ್ದರೂ ಕೊಡಗು, ವಯನಾಡಿನಲ್ಲಿ ಮಳೆ ಸುರಿದು ಕೃಷ್ಣರಾಜಸಾಗರ, ಕಬಿನಿಯ ಬಾಗಿಲು ತೆರೆದರೆ ಹೊಳೆ ಏರುತ್ತದೆ. ನೀರು ಕೆಂಪಾಗಿ ಕಸಕಡ್ಡಿ ತೇಲಿಬಂದರೆ ಬಲೆ ಬಿಟ್ಟಾದರೂ ದಡ ಸೇರಬೇಕು.

ದುಂಡಗಿನ ಹರಿಗೋಲು ಅಲೆಯಲ್ಲಿ ಗಿರಗಿರನೆ ತಿರುಗುತ್ತದೆ. ಆಗ ಎದ್ದು ನಿಲ್ಲಬಾರದು. ತಗ್ಗಿ ಕೂತು, ಹುಟ್ಟನ್ನು ಮುಂದೆ ಹಾಕಿ ನೀರನ್ನು ತನ್ನತ್ತ ಎಳೆಯಬೇಕು. ಬಲೆಯ ಹಗ್ಗವನ್ನಂತೂ ಹರಿಗೋಲಿಗೆ ಕಟ್ಟಲೇಬೇಡಿ. ಬಲೆ ಬಂಡೆಗೆ ಸಿಕ್ಕಿಕೊಂಡರೆ ಸೆಳವು ಅಂಚನ್ನು ಕೆಳಗೆಳೆದು ನೀರು ತುಂಬಿಸುತ್ತದೆ.

ಅಲಾಸ್ಕದ ಕೊರೆಯುವ ಕಡಲಲ್ಲಿ ಕಯಾಕ್ ಎಂಬ ಕಿರುದೋಣಿಯಲ್ಲಿ ಕೂತು ಹ್ಯಾಲಿಬಟ್ ಹಿಡಿಯುವವರಿದ್ದಾರೆ. ಆ ಚಪ್ಪಟೆ ಮೀನು ನೂರು ಕಿಲೋ ಮೀರಿಯೂ ಬೆಳೆಯುತ್ತದೆ, ದೋಣಿಯನ್ನೇ ಎಳೆದೊಯ್ಯಬಲ್ಲದು. ಲೈಫ್ ಜಾಕೆಟ್ಟು, ಹಗ್ಗ ಕೊಯ್ಯುವ ಚೂರಿ ಎರಡೂ ಅವರಿಗೆ ಬೇಕೇ ಬೇಕು. ಜಾಕೆಟ್ಟು ಪ್ರವಾಸಿಗರಿಗಷ್ಟೇ ಎಂಬ ಮಾತು ನನಗಂತೂ ಸರಿಕಾಣದು. ಚೂರಿಗೆ ಖರ್ಚಿಲ್ಲ, ಎಲ್ಲರ ಮನೆಯಲ್ಲೂ ಇದೆ. ಸೊಂಟಕ್ಕೆ ಸಿಕ್ಕಿಸಿಕೊಂಡೇ ಹೊಳೆಗೆ ಇಳಿಯಿರಿ.